ಲೀಟಾಳ ಆಕಳಿಕೆ

ಬೆಳಗಿನ ಆಲೂಗಡ್ಡೆಯನ್ನು ಲೀಟಾ ಒಂದು ದಿನವೂ ತಪ್ಪಿಸಿದವಳಲ್ಲ. ಹಿಂದಿನ ಸಂಜೆಯೇ ಬೇಯಿಸಿ, ಸಿಪ್ಪೆ ಸುಲಿದು, ಬಟ್ಟಲಲ್ಲಿ ಮುಚ್ಚಿಟ್ಟಿರುತ್ತಿದ್ದಳು. ಉಪ್ಪಿಲ್ಲ, ಬೆಣ್ಣೆಯಿಲ್ಲ. ಅಡುಗೆಮನೆಯ ಕಿಟಕಿಯೆದುರು ನಿಂತೇ ತಿಂದು, ಅರ್ಧ ಲೋಟ ನೀರು ಕುಡಿದು, ಕಣ್ಣು ಮುಚ್ಚಿ "ಕರ್ತನೇ, ಹೊರಟೆ, ಜೊತೆಗಿರು" ಎಂದು ಹೇಳಿ, ರಬ್ಬರ್ ಬೂಟು ಏರಿಸಿಕೊಂಡು ದೋಣಿ ಕಟ್ಟುವ ಧಕ್ಕೆಯತ್ತ ಇಳಿಯುತ್ತಿದ್ದಳು. ಅವಳು ಕೂತು ತಿಂದದ್ದನ್ನು ಯಾರೂ ನೋಡಿಲ್ಲ. ಕೂರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಆಲೂಗಡ್ಡೆಯೇ ಯಾಕೆ ಎಂದು ಕೇಳಿದವರಿಗೆ ಉತ್ತರ ಸಿದ್ಧವಿತ್ತು. "ಒಳಗೆ ಹೋಗೋವಾಗ ಹೆಂಗಿರುತ್ತೋ ಹೊರಗೆ ಬರೋವಾಗ್ಲೂ ಹಂಗೇ ಇರುತ್ತೆ. ಗಂಟಲಿಗೆ ತ್ರಾಸಿಲ್ಲ."

ಹೊರಗೆ ಬರುವುದಂತೂ ಖಂಡಿತವಾಗಿತ್ತು. ಅವಳು ಹದಿಹರೆಯದಲ್ಲಿದ್ದಾಗ ಅಪ್ಪನ ದೋಣಿಯ ಕೆಲಸದವನು ಕಾಲು ಮುರಿದುಕೊಂಡಾಗ, ಲಾಬ್ಸ್ಟರ್ ಹಿಡಿಯುವ ಹಂಗಾಮು ಕೆಡಬಾರದೆಂದು ಲೀಟಾ ದೋಣಿ ಹತ್ತಿದಳು. ಬಂದರಿನ ಬಾಯಿ ದಾಟುವ ಮೊದಲೇ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ತೋಳಿನಿಂದ ಬಾಯಿ ಒರೆಸಿಕೊಂಡು ಕಡಲ ತಳಕ್ಕೆ ಇಳಿಸುವ ಬೋನಿಗೆ ಮೀನಿನ ತುಂಡು ಕಟ್ಟಿದಳು. ಮತ್ತೆ ವಾಂತಿ, ಮತ್ತೆ ಬೋನು. ಸಂಜೆ ಅಪ್ಪ, "ನಾಳೆ ಬೇಡ ಬಿಡು ಮಗಾ" ಎಂದ. ಮಾರನೆ ದಿನ ಅವನಿಗಿಂತ ಮೊದಲೇ ಧಕ್ಕೆಯ ಮೇಲೆ ನಿಂತಿದ್ದಳು. ನಡುವೆ ಒಂದು ಚಳಿಗಾಲ ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡಿ ನೋಡಿದ್ದೂ ಉಂಟು. ಮೈಯಲ್ಲಿ ಇರುವೆ ಬಿಟ್ಟ ಹಾಗಾಗುತ್ತದೆಂದು ಹೇಳಿ ಬಿಟ್ಟು ಬಂದಳು. ಮದುವೆಗೂ ಒಬ್ಬ ಕೇಳಿದ್ದ. ಅವನ ಮನೆ ಕಡಲು ಕಾಣದ ಕಡೆ ಇತ್ತು.

ಅಪ್ಪ ಹೋದ ಮೇಲೆ ಅಣ್ಣ ಡೆಲ್ಬರ್ಟ್ ಚುಕ್ಕಾಣಿ ಹಿಡಿದ. ದೋಣಿಗೆ ತಾಯಿಯ ಹೆಸರು, ಎಡ್ನಾ ಗ್ರೇಸ್. ಹಿಂದುಗಡೆ ಕೆಲಸಕ್ಕೆ ಲೀಟಾ, ಮತ್ತೆ ಪಕ್ಕದ ಮನೆಯ ರಾಸ್ಕೋ. ಲೀಟಾಳ ಆಕಳಿಕೆಯ ಗುಟ್ಟು ಕಂಡುಹಿಡಿದವನು ಡೆಲ್.

ಗಾಳಿಗೆ ಏಳುವ ಕಿರುಅಲೆಯಾದರೆ ಅವಳು ತಟ್ಟನೆ ವಾಂತಿ ಮಾಡಿ ಮುಗಿಸಿಬಿಡುತ್ತಿದ್ದಳು. ಆದರೆ ತೆಂಕಣದ ಕಡಲಿನಲ್ಲಿ ಎಲ್ಲೋ ಬಿರುಗಾಳಿ ಎದ್ದು, ಅದರ ಉದ್ದನೆಯ ಅಲೆ ನಮ್ಮ ದ್ವೀಪದತ್ತ ಹೊರಟಿತೆಂದರೆ, ಕಣ್ಣಿಗೆ ಏನೂ ಕಾಣುವ ಮೊದಲೇ ಲೀಟಾ ಆಕಳಿಸತೊಡಗುತ್ತಿದ್ದಳು. ಚೆನ್ನಾಗಿ ನಿದ್ದೆ ಮಾಡಿದವಳು, ದವಡೆ ಕಳಚುವಂತೆ, ಕಣ್ಣಲ್ಲಿ ನೀರು ಬರುವಂತೆ ಆಕಳಿಸುತ್ತಿದ್ದಳು. ಕತ್ತಿನ ಹಿಂದೆ ತಣ್ಣನೆ ಬೆವರು. ಆ ಅಲೆ ಇಳಿತದ ನೀರಿಗೆ ಎದುರಾದರೆ ಮುದುಕಿ ಎಂದು ನಾವು ಕರೆಯುವ ನೀರೊಳಗಿನ ದಿಬ್ಬದ ಮೇಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಒಳ್ಳೆಯ ಲಾಬ್ಸ್ಟರ್ ಸಿಗುವುದೂ ಆ ದಿಬ್ಬದ ಮೇಲೆಯೇ. ಹೀಗಾಗಿ ಡೆಲ್ ಅಲ್ಲಿ ಬೋನು ಎಳೆಯುವಾಗ ಆಗಾಗ ಹಿಂದೆ ತಿರುಗಿ ತಂಗಿಯ ಮುಖ ನೋಡುತ್ತಿದ್ದ. ಆಕಳಿಸಿದಳೆಂದರೆ ಮಾತಿಲ್ಲದೆ ದೋಣಿ ತಿರುಗಿಸುತ್ತಿದ್ದ.

"ರೇಡಿಯೋದೋರು ಗಾಳಿ ಎಷ್ಟಿದೆ ಅಂತಾರೆ," ಅನ್ನುತ್ತಿದ್ದ. "ದಿಬ್ಬದ ಮೇಲೆ ಏನಾಗುತ್ತೆ ಅಂತ ಹೇಳೋಕೆ ನಮ್ಮ ಲೀಟಾನೇ ಬೇಕು."

ರಾಸ್ಕೋನ ಬಾಯಿಗೆ ಬೀಗವಿಲ್ಲ. "ಚರ್ಚಲ್ಲಿ ಪಾಸ್ಟರ್ ಮಾತಾಡೋವಾಗ ಇವಳು ಆಕಳಿಸಿದ್ಲು ಅಂದ್ರೆ ಅರ್ಧ ಜನ ಎದ್ದು ದೋಣಿ ಹಗ್ಗ ಬಿಗಿ ಮಾಡೋಕೆ ಓಡ್ತಾರೆ. ಪಾಪ, ಆ ಪಾಸ್ಟರಿಗೆ ತನ್ನ ಮಾತು ಬೇಜಾರಾಯ್ತೇನೋ ಅಂತ ಸಂಕಟ."

ಹೀಗೆ ನಡೆದಿತ್ತು. ಲೀಟಾಳಿಗೆ ಐವತ್ತು ದಾಟಿದ ಬೇಸಿಗೆಯಲ್ಲಿ ಮೀನಿನ ಮುಳ್ಳು ಅಂಗೈಗೆ ಹೊಕ್ಕಿತು. ಲೀಟಾ ಲೆಕ್ಕಕ್ಕಿಡಲಿಲ್ಲ. ಕೈ ಊದಿತು, ಜ್ವರ ಏರಿತು, ರಕ್ತವೇ ನಂಜಾಯಿತು. ಆಚೆ ದಡದ ಆಸ್ಪತ್ರೆಯಲ್ಲಿ ದಿನಗಟ್ಟಲೆ ನರಕ್ಕೆ ಬಲವಾದ ಔಷಧಿ ಹನಿಸಿದರು. ಜೀವ ಉಳಿಯಿತು.

ಅತ್ತಿಗೆ ವಿಲ್ಡಾ ಅವಳನ್ನು ಕರೆತರಲು ಹೋದಾಗ ವಾಡಿಕೆಯಂತೆ ಬಕೆಟ್ಟು ಒಯ್ದಿದ್ದಳು. ದೊಡ್ಡ ಫೆರಿಯಲ್ಲೂ ಲೀಟಾಳ ಹೊಟ್ಟೆ ನಿಂತದ್ದಿಲ್ಲ. ಆವತ್ತು ಫೆರಿ ತೊಟ್ಟಿಲಿನಂತೆ ತೂಗಿತು. ಲಾರಿ ಓಡಿಸುವ ಗಟ್ಟಿ ಆಳುಗಳೂ ಮುಖ ಬಿಳಿಚಿಕೊಂಡು ನೆಲದ ಮೇಲೆ ಮಲಗಿದರು. ಕೊನೆಗೆ ಬಕೆಟ್ಟು ಬೇಕಾದದ್ದು ವಿಲ್ಡಾಳಿಗೆ. ಲೀಟಾ ಅವಳ ಬೆನ್ನು ಸವರುತ್ತ, ಇನ್ನೊಂದು ಕೈಯಲ್ಲಿ ಹುರಿದ ಮೀನು ತಿನ್ನುತ್ತ ಗೋಡೆಗೊರಗಿ ನಿಂತಿದ್ದಳು.

"ನಿನಗೇನೂ ಆಗ್ತಿಲ್ವಾ?" ವಿಲ್ಡಾ ಬಕೆಟ್ಟಿನಿಂದ ತಲೆಯೆತ್ತಿ ಕೇಳಿದಳು.

"ಇಲ್ಲ ಕಣೆ. ಹಸಿವಾಗ್ತಿದೆ."

"ಅತ್ತೆ ಸಾಯೋ ತನಕ ನಿನ್ನ ಹೊಟ್ಟೆಗೋಸ್ಕರ ಪ್ರಾರ್ಥನೆ ಮಾಡಿದ್ರು. ಕೇಳಿಸ್ಕೊಂಡ ನೋಡು ದೇವರು."

ಆ ಭಾನುವಾರ ಚರ್ಚಿನಲ್ಲಿ ಎರಡಕ್ಕೂ ಸೇರಿಸಿ ಧನ್ಯವಾದ ಸಲ್ಲಿಸಿದರು, ಉಳಿದ ಜೀವಕ್ಕೆ ಮತ್ತು ನಿಂತ ವಾಂತಿಗೆ. ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದರು. ಲೀಟಾಳೂ ಮುಚ್ಚಿದಳು. ಮುಚ್ಚಿದ ಕೂಡಲೇ ನೆಲ ಎಲ್ಲಿದೆಯೆಂಬುದೇ ತಪ್ಪಿಹೋಯಿತು. ತಲೆ ಸುತ್ತಲಿಲ್ಲ, ಹೊಟ್ಟೆ ತೊಳಸಲಿಲ್ಲ. ಸುಮ್ಮನೆ, ಕಡಿದ ಮರದ ಹಾಗೆ ವಾಲಿ ವಿಲ್ಡಾಳ ಮೇಲೆ ಬಿದ್ದಳು. "ಇನ್ನೂ ನಿಶ್ಶಕ್ತಿ" ಎಂದರು ಎಲ್ಲರೂ. ಅಂದಿನಿಂದ ಅವಳು ಮುಂದಿನ ಬೆಂಚಿನ ಅಂಚು ಹಿಡಿದು, ಕಣ್ಣು ತೆರೆದುಕೊಂಡೇ ಪ್ರಾರ್ಥಿಸಿದಳು. ಬೇರೆಯವರ ಬಾಗಿದ ಕತ್ತುಗಳನ್ನು ನೋಡುತ್ತ ದೇವರೊಡನೆ ಮಾತಾಡುವುದು ಕದ್ದು ಕೇಳಿಸಿಕೊಂಡ ಹಾಗೆ ಅನಿಸುತ್ತಿತ್ತು.

ರಸ್ತೆಯಲ್ಲಿ ನಡೆದರೆ ಮನೆಗಳು, ಬೇಲಿಗಳು, ಟಪಾಲು ಪೆಟ್ಟಿಗೆಗಳು ಹೆಜ್ಜೆ ಹೆಜ್ಜೆಗೂ ಕುಣಿಯುತ್ತಿದ್ದವು. ಎದುರು ಬಂದವರ ಮುಖ ಗುರುತು ಹಿಡಿಯಬೇಕಾದರೆ ನಿಲ್ಲಬೇಕಿತ್ತು. ನಿಲ್ಲುವುದು ಅವಳಿಗೆ ಆಗದ ಕೆಲಸ. ಮನೆಯಲ್ಲಿ ಕೋಣೆಯಿಂದ ಕೋಣೆಗೆ ಗೋಡೆ ಸವರಿಕೊಂಡು ತಿರುಗುತ್ತಿದ್ದಳು.

ಕೊನೆಗೆ ಹಲ್ಲುನೋವೆಂದು ಸುಳ್ಳು ಹೇಳಿ ಒಬ್ಬಳೇ ಆಚೆ ದಡಕ್ಕೆ ಹೋಗಿ ಕಿವಿಯ ಡಾಕ್ಟರಮ್ಮನನ್ನು ಕಂಡಳು. ಆಕೆ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಓದುತ್ತಿರುವಾಗಲೇ ತಲೆ ಹಿಡಿದು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿದರು. ಅಕ್ಷರಗಳು ಕಲಸಿಹೋದವು. ಮೆತ್ತನೆಯ ದಿಂಬಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಬೀಳುವವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮನ್ನ ಉಳಿಸಿದ ಔಷಧಿ ಕಿವಿಯ ಒಳಭಾಗ ತಿಂದುಬಿಟ್ಟಿದೆ," ಎಂದರು. "ಶಬ್ದ ಕೇಳೋ ಭಾಗ ಅಲ್ಲ. ಅದರ ಪಕ್ಕದಲ್ಲಿ ನೀರು ತುಂಬಿದ ಸಣ್ಣ ಸಣ್ಣ ಬಳೆಗಳಿರ್ತವೆ. ತಲೆ ಆಡಿದಾಗ ಆ ನೀರು ಒಂಚೂರು ಹಿಂದೆ ಬೀಳುತ್ತೆ. ಒಳಗಿರೋ ಎಳೆಗಳು ಬಾಗ್ತವೆ. ಅದರಿಂದಲೇ ನಾವು ತಿರುಗಿದ್ದು ಮೈಗೆ ಗೊತ್ತಾಗೋದು. ಎದ್ದದ್ದು, ಇಳಿದದ್ದು, ವಾಲಿದ್ದು ಹೇಳೋಕೂ ಅಲ್ಲೇ ಬೇರೆ ಭಾಗ ಇದೆ."

"ವಾಂತಿ ನಿಂತದ್ದು?"

"ಮೈ ಆಡ್ತಾ ಇದೆ ಅಂತ ಕಿವಿ ಹೇಳುತ್ತೆ. ದೋಣಿ ಹಲಗೆ ನೋಡಿ ಕಣ್ಣು, ಇಲ್ಲ, ಎಲ್ಲ ನಿಂತಿದೆ ಅನ್ನುತ್ತೆ. ಆ ಗೊಂದಲಕ್ಕೆ ಹೊಟ್ಟೆ ಕೆಡೋದು. ನಿಮ್ಮ ಕಿವಿ ಈಗ ಏನೂ ಹೇಳಲ್ಲ."

ಲೀಟಾ ಕಿವಿ ಮುಟ್ಟಿಕೊಂಡಳು. "ಮತ್ತೆ ಬರುತ್ತಾ?"

"ಸತ್ತ ಎಳೆ ಬೆಳೆಯಲ್ಲ. ಕಣ್ಣು, ಪಾದ, ಮೊಣಕಾಲು ಸ್ವಲ್ಪ ಸ್ವಲ್ಪ ಕೆಲಸ ಕಲೀತವೆ. ಕತ್ತಲಲ್ಲಿ, ಮಂಜಲ್ಲಿ ಹುಷಾರಾಗಿರಿ. ನೀರಿಗಂತೂ ಇಳೀಬೇಡಿ. ಮುಳುಗಿದ್ರೆ ಮೇಲೆ ಅನ್ನೋದು ಯಾವ ಕಡೆ ಅಂತ ನಿಮ್ಮ ಮೈಗೆ ತಿಳಿಯಲ್ಲ. ಏನು ಕೆಲಸ ಮಾಡ್ತೀರಿ?"

"ಹೆಣಿಗೆ," ಎಂದಳು ಲೀಟಾ.

ಫೆರಿಯ ಕಂಬಿಗೆ ಆತು ನಿಂತು ಹಿಂದಿರುಗುವಾಗ ಒಂದೇ ಯೋಚನೆ. ಹೇಳಿದರೆ ಡೆಲ್ ಮರುಮಾತಿಲ್ಲದೆ ದಡದಲ್ಲಿ ಬಿಡುತ್ತಾನೆ. ದೋಣಿಗಳೆಲ್ಲ ಹೊರಟ ಮೇಲೆ ಧಕ್ಕೆಯ ಮೇಲೆ ಉಳಿಯುವ ಮುದುಕರನ್ನು ಅವಳು ದಿನಾ ನೋಡುತ್ತಿದ್ದಳು. ಅವರ ಕೈಗಳು ಜೇಬಿನೊಳಗೇ ಏನನ್ನೋ ಕಟ್ಟುತ್ತ, ಬಿಚ್ಚುತ್ತ ಇರುತ್ತಿದ್ದವು. ಅವರ ಸಾಲಿಗೆ ಅವಳು ಸೇರುವವಳಲ್ಲ.

ನವೆಂಬರಿನಲ್ಲಿ ಹಂಗಾಮು ತೆರೆಯಿತು. ಮೊದಲ ದಿನವೇ ಡೆಲ್ ಕೇಳಿದ.

"ವಾಂತಿ ನಿಂತದ್ದು ಸರಿ ಹುಡುಗಿ. ದಕ್ಷಿಣದ ಅಲೆ ಬಂದ್ರೆ ನಿನಗೆ ತಿಳಿಯುತ್ತೆ ತಾನೆ?"

"ತಿಳಿಯುತ್ತೆ," ಎಂದಳು. ಅಣ್ಣನಿಗೆ ಅವಳು ಹೇಳಿದ ದೊಡ್ಡ ಸುಳ್ಳು ಅದು.

ಆಮೇಲೆ ಅವಳ ಕಣ್ಣಿಗೆ ಬಿಡುವಿಲ್ಲವಾಯಿತು. ನೀರಿನ ಹಕ್ಕಿಗಳು ಒಂದೊಂದಾಗಿ ಅಲೆಯ ಹಿಂದೆ ಮರೆಯಾಗಿ ಏಳುವುದನ್ನು ನೋಡಿದಳು. ಚುಕ್ಕಾಣಿ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಚಹಾದ ಲೋಟ ಎಷ್ಟು ನಿಧಾನವಾಗಿ ತೂಗುತ್ತದೆಂದು ನೋಡಿದಳು. ದಿಗಂತದ ಗೆರೆ ಗಂಟುಗಂಟಾಗಿದೆಯೇ ಎಂದು ನೋಡಿದಳು. ಉದ್ದನೆಯ ಅಲೆಯ ಗುಮಾನಿ ಬಂದರೆ ಬಾಯಿ ದೊಡ್ಡದಾಗಿ ತೆರೆದು ಆಕಳಿಸುತ್ತಿದ್ದಳು. ಡೆಲ್ ದೋಣಿ ತಿರುಗಿಸುತ್ತಿದ್ದ. ಬರೀ ಕಣ್ಣಿನ ಮೇಲೆ ನಡೆದ ನಾಟಕ. ಆದರೂ ಸರಿಹೋಗುತ್ತಿತ್ತು. ಒಂದು ದಿನ ಏನೂ ಇಲ್ಲದಿದ್ದರೂ ಭಯಕ್ಕೆ ಆಕಳಿಸಿದಳು. ಅರ್ಧ ದಿನದ ಕೆಲಸ ಹೋಯಿತು. ಡೆಲ್ ಅವಳಿಗೆ ಚಹಾ ಬಗ್ಗಿಸಿ ಕೊಟ್ಟ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಎಷ್ಟೋ ಮೇಲಿತ್ತು.

ಬೆಳಗಿನ ಪ್ರಾರ್ಥನೆಯಲ್ಲೂ ಮಾತು ತಡವರಿಸತೊಡಗಿತು. ಜೊತೆಗಿರು ಎನ್ನುವುದು ಹೇಗೆ, ಅವನಿಗೆ ಎಲ್ಲ ಗೊತ್ತಿರುವಾಗ?

ಡಿಸೆಂಬರಿನ ಆ ದಿನ ಬಂದರು ಬಿಡುವಾಗ ಆಕಾಶ ತಿಳಿಯಾಗಿತ್ತು. ದಿಬ್ಬ ಮುಟ್ಟುವಷ್ಟರಲ್ಲಿ ಮಂಜು ಬಂದು ಕವಿಯಿತು. ಗಾಳಿ ಎಳ್ಳಷ್ಟೂ ಇಲ್ಲ. ನೀರು, ಆಕಾಶ, ದೋಣಿಯ ಅಂಚು ಎಲ್ಲ ಒಂದೇ ಬೂದಿಬಣ್ಣ. ಹಕ್ಕಿಯಿಲ್ಲ, ಗೆರೆಯಿಲ್ಲ. ಲೋಟ ನೋಡೋಣವೆಂದರೆ ಕೈತುಂಬ ಕೆಲಸ. ರಾಸ್ಕೋ ಬೋನು ಎತ್ತಿ ಕೊಡುತ್ತಿದ್ದ, ಅವಳು ಮೀನಿನ ತುಂಡು ಕಟ್ಟಿ ಹಿಂದಕ್ಕೆ ತಳ್ಳುತ್ತಿದ್ದಳು. ಬೋನುಗಳು ಒಂದರ ಹಿಂದೊಂದು ನೀರಿಗೆ ಜಾರಿದಂತೆ ಅವನ್ನು ಪೋಣಿಸಿದ ಹಗ್ಗ ಹಲಗೆಯ ಮೇಲೆ ಹಾವಿನಂತೆ ಹರಿದು ಹೋಗುತ್ತಿತ್ತು.

ಡೆಲ್ ತಿರುಗಿ ನೋಡಿದ. ಅವನು ನೋಡಿದ್ದು ಅವಳಿಗೆ ಗೊತ್ತಾಯಿತು. ಏನು ಮಾಡಬೇಕು? ಆಕಳಿಸಿ ಇನ್ನೊಂದು ದಿನದ ದುಡಿಮೆ ಕೆಡಿಸುವುದೇ? ಅವಳ ಮೈ ಯಾವ ಸುದ್ದಿಯನ್ನೂ ಕೊಡಲಿಲ್ಲ. ಮೊಣಕಾಲು ಏನೋ ಹೇಳಿತು. ಆದರೆ ಮೊಣಕಾಲಿಗೆ ಗೊತ್ತಿರುವುದು ಕಾಲ ಕೆಳಗಿನ ಹಲಗೆಯಷ್ಟೆ. ಬಾಯಿ ಮುಚ್ಚಿಕೊಂಡು ಕೆಲಸ ಮುಂದುವರಿಸಿದಳು. ಡೆಲ್ ಸಮಾಧಾನದಿಂದ ಮುಂದೆ ತಿರುಗಿದ.

ಇನ್ನೊಂದು ಸಾಲು ಇಳಿಸುವಾಗ ದೋಣಿಯ ಹಿಂಭಾಗ ನಿಧಾನವಾಗಿ, ಬಹಳ ಎತ್ತರಕ್ಕೆ ಎದ್ದಿತು. ರಾಸ್ಕೋ ತನಗೇ ಗೊತ್ತಿಲ್ಲದೆ ಮೊಣಕಾಲು ಮಡಿಸಿ ನಿಂತ. ಲೀಟಾಳಿಗೆ ಅದು ತಿಳಿಯಲಿಲ್ಲ. ನೋಡಲು ಗೆರೆಯಿಲ್ಲದ ಆ ಬಿಳುಪಿನಲ್ಲಿ ಒಂದು ಹೆಜ್ಜೆ ಹಿಂದಿಟ್ಟಳು. ಅವಳು ಇದೆಯೆಂದುಕೊಂಡ ಕಡೆ ಹಲಗೆ ಇರಲಿಲ್ಲ. ಮಗುಚಿ ಬಿದ್ದಳು. ಬಲಗಾಲು ಹರಿಯುವ ಹಗ್ಗದ ಸುರುಳಿಯೊಳಗೆ ಹೋಯಿತು.

"ಎಂಜಿನ್ ನಿಲ್ಸು!" ರಾಸ್ಕೋ ಕೂಗಿ, ಅವಳ ರಬ್ಬರ್ ಪ್ಯಾಂಟಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬಿದ್ದ. ಡೆಲ್ ಎಂಜಿನ್ನನ್ನು ಹಿಂದಕ್ಕೆ ಹಾಕಿದ. ಹಗ್ಗ ಒಂದು ಗಳಿಗೆ ಸಡಿಲವಾಯಿತು. ಕಾಲು ಹೊರಗೆ ಬಂತು. ಬೂಟು ಬೋನುಗಳ ಜೊತೆ ಕಡಲಿಗೆ ಹೋಯಿತು.

ಆಗ ಮೂವರಿಗೂ ಕೇಳಿಸಿತು. ಮಂಜಿನೊಳಗಿಂದ, ಹತ್ತಿರದಲ್ಲೇ, ದೊಡ್ಡ ಪಾತ್ರೆಯಲ್ಲಿ ಹಾಲು ಉಕ್ಕಿದಂಥ ಸದ್ದು. ಮುದುಕಿ ದಿಬ್ಬದ ಮೇಲೆ ಅಲೆ ಒಡೆಯುತ್ತಿತ್ತು. ಡೆಲ್ ಹಗ್ಗ ಕತ್ತರಿಸಿ ಎಸೆಯಲು ಹೇಳಿ ಚುಕ್ಕಾಣಿ ತಿರುಗಿಸಿದ. ತಿರುಗುವಾಗ ಒಂದು ಅಲೆ ಹಿಂದಿನಿಂದ ಏರಿ ಬಂದು ಮೀನಿನ ಪೀಪಾಯಿಗಳನ್ನು ಗುಡಿಸಿಕೊಂಡು ಹೋಯಿತು. ಲೀಟಾ ಎರಡೂ ಕೈಯಿಂದ ಕಂಬ ತಬ್ಬಿ ಕೂತಿದ್ದಳು. ತಲೆಯ ಮೇಲೆ ನೀರು ಸುರಿದಾಗ ಕಣ್ಣು ಮುಚ್ಚಿತು. ಆ ಗಳಿಗೆಯಲ್ಲಿ ಮೇಲೆ ಕೆಳಗೆ ಎಂಬುದಿರಲಿಲ್ಲ. ಕಂಬ ಇತ್ತು, ದೇವರು ಇದ್ದ, ಅಷ್ಟೆ. ಎಡ್ನಾ ಗ್ರೇಸ್ ಆಳದ ನೀರಿಗೆ ಬಂದು ಸೇರಿತು.

ಧಕ್ಕೆಯ ಮೇಲಿನ ಶೆಡ್ಡಿನಲ್ಲಿ ಡೆಲ್ ಸ್ಟೋವು ಹೊತ್ತಿಸಿದ. ಚಹಾ ಬಗ್ಗಿಸಿದ. ಒದ್ದೆ ಕಾಲುಚೀಲದಲ್ಲಿ ಲೀಟಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಇವತ್ತು ಯಾಕೆ ಆಕಳಿಸ್ಲಿಲ್ಲ?" ಅವನು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಯಂತ್ರವನ್ನು ನೋಡುವವನ ಗೊಂದಲವಿತ್ತು.

ಅವಳು ಎಲ್ಲ ಹೇಳಿದಳು. ಔಷಧಿ, ಬಳೆಗಳು, ದಿಂಬಿನ ಮೇಲೆ ನಿಂತದ್ದು.

"ಮತ್ತೆ ಹೋದ ವಾರ ಆಕಳಿಸಿದ್ದು?"

"ಹಕ್ಕಿ ನೋಡಿ."

"ಅದರ ಹಿಂದೆ? ನಾವು ಅರ್ಧ ದಿನಕ್ಕೆ ವಾಪಸ್ ಬಂದ್ವಲ್ಲ?"

"ಏನೂ ನೋಡಿರ್ಲಿಲ್ಲ. ಹೆದರಿಕೆ ಆಯ್ತು."

ರಾಸ್ಕೋ ಚಹಾ ಊದಿಕೊಂಡ. "ಇಷ್ಟು ವರ್ಷ ಹೆಂಡತಿ ಮಾತು ತಪ್ಪಿಸ್ಕೊಳ್ಳೋಕೆ ನಾನೂ ಸುಳ್ಳು ಆಕಳಿಸಿದ್ದೀನಿ. ಒಂದು ಸಲನೂ ನಂಬಿಲ್ಲ ಅವಳು. ನನಗೊಂಚೂರು ಹೇಳಿಕೊಡಬಾರದಿತ್ತಾ?" ಎಂದ. ಯಾರೂ ನಗಲಿಲ್ಲ. ಅವನು ಲೋಟ ಕೆಳಗಿಟ್ಟು ಹೊರಗೆ ಹೋದ.

"ನೀನು ಸತ್ತಿದ್ರೆ?" ಡೆಲ್ ನೆಲ ನೋಡುತ್ತ ಕೇಳಿದ.

"ನಾನು ಅದನ್ನ ಯೋಚಿಸಿದ್ದೆ. ನೀವಿಬ್ರೂ ಸಾಯಬಹುದು ಅಂತ ಯೋಚಿಸಿರ್ಲಿಲ್ಲ ಡೆಲ್. ಅದೇ ತಪ್ಪು."

ಆ ಭಾನುವಾರ, ತಮಗೆ ದೇವರು ಮಾಡಿದ್ದರ ಸಾಕ್ಷಿ ಹೇಳುವವರು ಏಳಬಹುದೆಂದು ಪಾಸ್ಟರ್ ಕರೆದಾಗ, ಲೀಟಾ ಬೆಂಚಿನ ಅಂಚು ಹಿಡಿದು ಎದ್ದಳು. ನನ್ನ ಹೊಟ್ಟೆ ವಾಸಿಯಾಗಿಲ್ಲ, ಕಿವಿ ಹೋಗಿದೆ, ನೀವು ಹೇಳಿದ ಧನ್ಯವಾದ ಉಳಿದ ಜೀವಕ್ಕೆ ಇರಲಿ ಎಂದಳು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡಿರುತ್ತೇನೆ, ತಪ್ಪು ತಿಳಿಯಬೇಡಿ ಎಂದೂ ಸೇರಿಸಿದಳು. ವಿಲ್ಡಾ ಅತ್ತಳು. ಹಿಂದಿನ ಬೆಂಚಿನ ಮುದುಕಿಯೊಬ್ಬಳು, "ನಾನೂ ಬಿಟ್ಕೊಂಡೇ ಇರ್ತೀನಮ್ಮ, ಯಾರು ಯಾವ ಟೋಪಿ ಹಾಕ್ಕೊಂಡು ಬಂದಿದ್ದಾರೆ ನೋಡೋಕೆ" ಎಂದಳು.

ಭಾನುವಾರ ನಮ್ಮಲ್ಲಿ ಯಾರೂ ದೋಣಿ ಬಿಡುವುದಿಲ್ಲ. ಮಧ್ಯಾಹ್ನ ಡೆಲ್ ಬಂದ. ಲೀಟಾ ಕಿಟಕಿಯ ಚೌಕಟ್ಟಿಗೆ ಕೊಕ್ಕೆ ಹೊಡೆದು, ಬೋನಿನೊಳಗೆ ಬಿಗಿಯುವ ಬಲೆಯ ದಾರವನ್ನು ಅದಕ್ಕೆ ಸುತ್ತಿಡುತ್ತಿದ್ದಳು. ಭಾನುವಾರ ಕಳೆದು ಹೆಣಿಗೆ ನಾಳೆಯಿಂದ. ಕೊಕ್ಕೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಅವಳ ಓಡಾಟ ನಡೆದೇ ಇತ್ತು.

"ಒಂದು ಕಡೆ ನಿಲ್ಲು ಮಾರಾಯ್ತಿ, ನನಗೇ ತಲೆ ಸುತ್ತುತ್ತೆ," ಎಂದ ಡೆಲ್.

"ನಡೀತಾ ಇದ್ರೆ ಪಾದಕ್ಕೆ ನೆಲ ಸಿಗ್ತಾ ಇರುತ್ತೆ. ನಿಂತ್ರೆ ಮರೆತುಹೋಗುತ್ತೆ. ಹೇಳು, ಏನು ಬಂದೆ?"

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಚುಕ್ಕಾಣಿ ಕೋಣೇಲಿ ನನ್ನ ಪಕ್ಕ ಒಂದು ಸೀಟು ಹಾಕಿಸ್ತೀನಿ. ಎರಡೂ ಕಡೆ ಹಿಡಿ ಇರುತ್ತೆ. ಬೆಲ್ಟೂ ಹಾಕಿಸ್ತೀನಿ. ಹಿಂದುಗಡೆ ಕೆಲಸಕ್ಕೆ ರಾಸ್ಕೋ ತನ್ನ ತಂಗಿ ಮಗಳನ್ನ ಕರ್ಕೊಂಡು ಬರ್ತಾನಂತೆ. ನೀನು ಬಾ, ಕೂತ್ಕೊ. ಚಹಾ ಮಾಡು, ರೇಡಿಯೋ ಕೇಳು. ಪಾಲು ಮೊದಲಿನ ಹಾಗೇ."

ಲೀಟಾ ನಿಂತಳು. ಒಂದು ಕೈ ಕೊಕ್ಕೆಯ ಮೇಲಿತ್ತು. ಕಿಟಕಿಯಾಚೆ ಇಳಿತದ ನೀರಿನಲ್ಲಿ ದೋಣಿಗಳೆಲ್ಲ ಧಕ್ಕೆಯ ಬುಡಕ್ಕೆ ಇಳಿದು ನಿಂತಿದ್ದವು, ಕಂಬಗಳ ತುದಿಯಷ್ಟೇ ಕಾಣುತ್ತಿತ್ತು. ಹೂಂ ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು.

"ಎಷ್ಟು ವರ್ಷದಿಂದ ನೀನು ದಿಬ್ಬದ ಮೇಲೆ ನನ್ನ ಮುಖ ನೋಡ್ತಾ ಇದ್ದೀಯ?"

"ಈಗ ಗೊತ್ತಲ್ಲ. ಇನ್ಮೇಲೆ ನೋಡಲ್ಲ."

"ನೋಡ್ತೀಯ. ನಿನ್ನ ಕತ್ತು ತಾನಾಗೇ ತಿರುಗುತ್ತೆ. ನಾನು ನಿದ್ದೆಗೆಟ್ಟು ಆಕಳಿಸಿದ್ರೂ ದೋಣಿ ತಿರುಗಿಸ್ತೀಯ. ಸುಮ್ನೆ ಕೂತಿದ್ರೆ ನಿನಗೂ ಗೊತ್ತಿಲ್ದಂಗೆ ಧೈರ್ಯ ತಗೋತೀಯ. ಅವತ್ತೂ ಹಂಗೇ ತಗೊಂಡೆ."

ಡೆಲ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ನನ್ನ ಮುಖ ದೋಣೀಲಿ ಬೇಡ," ಎಂದಳು ಲೀಟಾ. "ಸೀಟು ಹಾಕಿಸ್ಬೇಡ ಡೆಲ್. ನಾನು ಬರಲ್ಲ."